ರಾಷ್ಟ್ರಕೂಟರ ಕೊನೆಯ ಪಟ್ಟ: ಚಿಕ್ಕಬೆಟ್ಟದ ಎರಡು ಕಂಬಗಳು

ರಾಷ್ಟ್ರಕೂಟರ ಕೊನೆಯ ದೊರೆ ಯಾರು ಅಂತ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಎರಡನೇ ಕರ್ಕ. 972ರಲ್ಲಿ ಪರಮಾರ ಸೀಯಕ ಮಾನ್ಯಖೇಟವನ್ನು ಲೂಟಿ ಮಾಡಿದ. ಮರುವರ್ಷ ಚಾಲುಕ್ಯ ತೈಲಪ ಕರ್ಕನನ್ನು ಸೋಲಿಸಿದ. ಕತೆ ಅಲ್ಲಿಗೇ ಮುಗಿಯಿತು ಅನ್ನೋಣವೆಂದರೆ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಶಾಸನಗಳು ಒಪ್ಪುವುದಿಲ್ಲ.

ಅಲ್ಲಿನ ಕೂಗೆ ಬ್ರಹ್ಮದೇವರ ಕಂಬದ ಮೇಲಿರುವುದು ಗಂಗ ಮಾರಸಿಂಹನ ಸ್ಮಾರಕ ಶಾಸನ. ಅವನ ಗೆಲುವುಗಳ ಪಟ್ಟಿಯಲ್ಲಿ ಇಂದ್ರರಾಜನಿಗೆ ಪಟ್ಟ ಕಟ್ಟಿಸಿದ್ದೂ ಒಂದು. ಈ ನಾಲ್ಕನೇ ಇಂದ್ರ ಮೂರನೇ ಕೃಷ್ಣನ ಮಗನ ಮಗ. ತಾಯಿಯ ಕಡೆಯಿಂದ ಗಂಗ ಬೂತುಗನ ಮಗಳ ಮಗ. ಅಂದರೆ ಮಾರಸಿಂಹ ಇವನಿಗೆ ಸೋದರಮಾವ. ಮುಳುಗಿದ ಮನೆತನವನ್ನು ಮೇಲೆತ್ತುವ ಪ್ರಯತ್ನ ನಡೆದದ್ದು ಹೀಗೆ, ನೆಂಟಸ್ತಿಕೆಯ ಬಲದಲ್ಲಿ. ಆದರೆ ಆಸರೆಯೇ ಉಳಿಯಲಿಲ್ಲ. ಸುಮಾರು 974ರಲ್ಲಿ ಮಾರಸಿಂಹ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ಉಪವಾಸವಿದ್ದು ಮುಡಿಪಿದ. ಇದನ್ನು ಆಳ್ವಿಕೆ ಅನ್ನುವುದಕ್ಕಿಂತ ಪಟ್ಟಾಭಿಷೇಕ ಅನ್ನುವುದೇ ಸರಿ ಅಂತ ನನಗನ್ನಿಸುತ್ತೆ.

ಇಂದ್ರನದೇ ಕಂಬ ಗಂಧವಾರಣ ಬಸದಿಯ ಹತ್ತಿರ ಇದೆ. ಬಸದಿ ಶಾಂತಲೆ 1123ರಲ್ಲಿ ಕಟ್ಟಿಸಿದ್ದು. ಶಾಸನ ಅದಕ್ಕಿಂತ 140 ವರ್ಷ ಹಳೆಯದು. ಶಾಂತಲೆಯ ಹೆಸರು ಕೇಳಿ ಬಂದವರು ಈ ಕಂಬವನ್ನು ದಾಟಿಕೊಂಡು ಹೋಗಿಬಿಡ್ತಾರೆ!

ಈ ಶಾಸನ ಓದುವಾಗ ಅಚ್ಚರಿಯಾಗುತ್ತೆ. ವಂಶ, ಶೌರ್ಯ, ದಾನದ ಹೊಗಳಿಕೆ ಇದ್ದೇ ಇದೆ. ಆದರೆ ಕವಿಗೆ ನಿಜವಾಗಿ ಹುರುಪು ಬರುವುದು ಚೆಂಡಾಟದ ವಿಷಯಕ್ಕೆ. ಕುದುರೆ ಏರಿ ಕೋಲಿನಿಂದ ಚೆಂಡು ಹೊಡೆಯುವ ಆಟ, ಇವತ್ತಿನ ಪೋಲೋದಂಥದ್ದು. ಚೆಂಡು ಮೆಣಸಿನ ಕಾಳಿಗಿಂತ ಚಿಕ್ಕದಿರಲಿ, ಕೋಲು ನಾಲ್ಕು ಬೆರಳಿಗಿಂತ ಗಿಡ್ಡವಿರಲಿ, ಕುದುರೆ ಬೆಟ್ಟಕ್ಕಿಂತ ದೊಡ್ಡದಿರಲಿ, ಇಂದ್ರ ಸುತ್ತು ಹೊಡೆಯದೆ ಬಿಡುವವನಲ್ಲ ಅನ್ನುವ ಧಾಟಿ. ಹತ್ತನೇ ಶತಮಾನದ ಕನ್ನಡ ನಾಡಿನಲ್ಲಿ ಈ ಆಟ ಹೇಗಿತ್ತು ಅನ್ನುವುದಕ್ಕೆ ಇದು ಅಪರೂಪದ ಆಧಾರ.

ಕೊನೆಗೆ ಕಾಲ. ವರ್ಷವನ್ನು ಅಂಕಿಯಲ್ಲಿ ಹೇಳದೆ ಸಾಗರ, ಆಕಾಶ, ನಿಧಿ ಎಂಬ ಪದಗಳಲ್ಲಿ ಹೇಳಿದೆ. ಸಾಗರ 4, ಆಕಾಶ 0, ನಿಧಿ 9. ಬಲದಿಂದ ಎಡಕ್ಕೆ ಓದಿದರೆ ಶಕ 904, ಚಿತ್ರಭಾನು ಸಂವತ್ಸರ. ಕ್ರಿ.ಶ. 982ರ ಮಾರ್ಚ್ ತಿಂಗಳು. ಕರ್ಕ ಸೋತು ಒಂಬತ್ತು ವರ್ಷವಾದ ಮೇಲೆ, ಸೋದರಮಾವನ ಹಾಗೆಯೇ ಇಂದ್ರನೂ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟ.