ಚುರುಕಾದ ಮಗುವಿಗೆ ಎಷ್ಟು ಪಾಠ ಹಿತ?

ಕೆಲವು ಮಕ್ಕಳಿಗೆ ಪಾಠ ಒಮ್ಮೆ ಕೇಳಿದರೆ ಸಾಕು. ಆಮೇಲೆ ತರಗತಿಯಲ್ಲಿ ಬೇಸರ, ಕೀಟಲೆ. ಕೆಲವರಿಗೆ ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು. (ನೆಪವೆಂದು ಗದರಿಸದೆ ಮೊದಲು ವೈದ್ಯರಿಗೆ ತೋರಿಸಿರಿ.)

ಇಂಥ ಮಗುವನ್ನು ಎರಡು ತರಗತಿ ಮೇಲಕ್ಕೆ ಸೇರಿಸೋಣವೇ ಎಂದು ಪಾಲಕರು ಕೇಳುವುದುಂಟು. ಆದರೆ ಬುದ್ಧಿ ಎಲ್ಲ ವಿಷಯದಲ್ಲೂ ಒಂದೇ ಸಮನೆ ಓಡುವುದಿಲ್ಲ. 2006ರಲ್ಲಿ ಗಣಿತದ ಫೀಲ್ಡ್ಸ್ ಪದಕ ಪಡೆದ ಟೆರೆನ್ಸ್ ಟಾವೋ ಆಸ್ಟ್ರೇಲಿಯಾದಲ್ಲಿ ಬೆಳೆದವರು. ತಂದೆ ಮಕ್ಕಳ ವೈದ್ಯರು. ಮೂರೂವರೆ ವರ್ಷಕ್ಕೆ ಶಾಲೆಗೆ ಸೇರಿಸಿದರೂ, ಮಗುವಿಗೆ ಅಷ್ಟು ಹೊತ್ತು ಕೂರಲಾಗದೆಂದು ಕೆಲವೇ ವಾರಗಳಲ್ಲಿ ಬಿಡಿಸಿದರು. ಐದಕ್ಕೆ ಮತ್ತೆ ಸೇರಿಸಿದರು. ಎಂಟನೆಯ ವಯಸ್ಸಿನಲ್ಲಿ ಗಣಿತವನ್ನು ಹೈಸ್ಕೂಲಿನಲ್ಲಿ ಕಲಿಯುತ್ತಿದ್ದರೂ, ಬೇರೆ ಕೆಲವು ವಿಷಯಗಳಿಗೆ ಕೆಳಗಿನ ತರಗತಿಯಲ್ಲೇ ಕೂರುತ್ತಿದ್ದರು.

ಮನೆಯಲ್ಲೇ ಅಂದಾಜು ಮಾಡಬಹುದು. ಹತ್ತು ಲೆಕ್ಕ ಕೊಡಿರಿ. ಹತ್ತನ್ನೂ ಯೋಚಿಸದೆ ಮುಗಿಸಿದರೆ ಪಾಠ ಹಗುರ. ಏಳೆಂಟನ್ನು ತಿಣುಕಿ ಬಿಡಿಸಿ, ಉಳಿದವನ್ನು ಕೇಳಲು ಬಂದರೆ ಸರಿಯಾದ ಮಟ್ಟ. ಪುಸ್ತಕ ಮುಚ್ಚಿ ಅತ್ತರೆ ಭಾರ; ಒಂದು ಮೆಟ್ಟಿಲು ಇಳಿಸಿರಿ.

ಶಿಕ್ಷಕರನ್ನು ಕಂಡು, ಮಗು ಮುಂದಿರುವ ಆ ಒಂದು ವಿಷಯಕ್ಕೆ ಮೇಲಿನ ತರಗತಿಯ ಪುಸ್ತಕ ಕೇಳಿರಿ. ಕಲಿತದ್ದನ್ನೇ ತಿರುಗಿ ಬರೆಸುವ ಟ್ಯೂಷನ್ ಬೇಡ. ಸಂಜೆಯ ಆಟವನ್ನಂತೂ ಬಿಡಿಸಲೇಬೇಡಿರಿ.