ಅಪ್ಪನ ಡ್ರಿಲ್ಲಿನ ಬಣ್ಣ

ಹುಬ್ಬಳ್ಳಿಯ ಶೆಡ್ ಮಾರಿದಾಗ ಅಕ್ಕ ಪಾತ್ರೆಪಗಡ ಇಟ್ಟುಕೊಂಡಳು, ನಾನು ಅಪ್ಪನ ಕೈತಿರುಗಣಿ ಡ್ರಿಲ್ಲನ್ನು ಡೊಂಬಿವಲಿಗೆ ತಂದೆ. ಗೋಡೆಯ ಕಂಬಕ್ಕೆ ಬಿಗಿಯುವ ಬೀಡುಕಬ್ಬಿಣದ ಯಂತ್ರ ಅದು. ಹಿಡಿಕೆ ತಿರುಗಿಸಿದರೆ ಮೇಲಿನ ಹಲ್ಲುಗಾಲಿ ಒಂದೊಂದೇ ಹಲ್ಲು ಸರಿದು ಬೈರಿಗೆಯನ್ನು ತಾನಾಗಿಯೇ ಕೆಳಕ್ಕೆ ಒತ್ತುತ್ತದೆ. ಕರೆಂಟು ಬೇಡ.

ತುಕ್ಕು ತೆಗೆದು ಮೂಲ ಬಣ್ಣವನ್ನೇ ಬಳಿಯೋಣ ಅಂದುಕೊಂಡೆ. ಮೂಲ ಬಣ್ಣ ಯಾವುದು? ನೀಲಿ ಅಂತ ನಾನು. ಅಕ್ಕನಿಗೆ ಫೋನ್ ಮಾಡಿದರೆ, "ಹಸಿರಲೋ ತಮ್ಮಾ, ನಿನಗೇನ ಗೊತ್ತು, ನೀ ಆಗಿನ್ನೂ ಸಣ್ಣಾಂವ" ಅಂದಳು. ಹಳೆಯ ಕ್ಯಾಟಲಾಗಿನ ಚಿತ್ರಗಳು ಕಪ್ಪುಬಿಳುಪು, ಅವು ಈ ಜಗಳ ಬಿಡಿಸುವುದಿಲ್ಲ. ಕೆಲವು ಕಂಪನಿಗಳ ಗುರುತು ಎಲ್ಲರಿಗೂ ಗೊತ್ತು: ರೆಕಾರ್ಡ್ ವೈಸ್ ಎಂದರೆ ನೀಲಿ, ಮಿಲ್ಲರ್ಸ್ ಫಾಲ್ಸ್ ಕೈಡ್ರಿಲ್ಲಿನ ದೊಡ್ಡ ಗಾಲಿ ಕೆಂಪು. ನಮ್ಮದರ ಮೇಲೆ ಹೆಸರೇ ಸವೆದುಹೋಗಿತ್ತು.

ನಾಣ್ಯದಗಲ ಜಾಗವನ್ನು ನೀರು ಹಚ್ಚಿದ ಪಾಲಿಶ್ ಪೇಪರಿನಿಂದ ಮೆಲ್ಲಗೆ ಉಜ್ಜಿದರೆ ಪದರಗಳು ಮರದ ಉಂಗುರಗಳಂತೆ ಕಾಣುತ್ತವೆ. (ಒಣಗಿದ್ದನ್ನು ಉಜ್ಜಬೇಡಿ. ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ, ಧೂಳು ಮೂಗಿಗೆ ಹೋಗಬಾರದು, ಮಕ್ಕಳು ಹತ್ತಿರ ಇರಬಾರದು.) ಬೂದು, ಬೆಳ್ಳಿ, ಮತ್ತೆ ಬೂದು, ಮತ್ತೆ ಬೆಳ್ಳಿ. ಪ್ರತಿ ಖಂಡೇನವಮಿಗೆ ಅಪ್ಪ ಯಂತ್ರಕ್ಕೆ ಬಣ್ಣ ಹೊಡೆಯುತ್ತಿದ್ದದ್ದು ನೆನಪಾಯಿತು. ತಳದಲ್ಲಿ ಕೆಂಪು ಕಂಡು ಕುಣಿದಾಡಿದೆ. ಅದು ಬರೀ ರೆಡ್ ಆಕ್ಸೈಡ್. ಅಪ್ಪ ಒಮ್ಮೆ ಎಲ್ಲವನ್ನೂ ಕೆರೆದು ಅಸ್ತರು ಹಾಕಿದ್ದರು, ಅಷ್ಟೇ.

ಹಾಗಾದರೆ ಅಪ್ಪನ ಬ್ರಷ್ಷು ಮುಟ್ಟದ ಜಾಗ ಹುಡುಕಬೇಕು. ಬೋಲ್ಟಿನ ತಲೆಯಡಿ, ವಾಷರಿನ ಕೆಳಗೆ, ಗೋಡೆಗೆ ಅಂಟಿಕೊಂಡಿದ್ದ ಹಿಂಬದಿ. ಸೀಮೆಎಣ್ಣೆಯ ಬಟ್ಟೆ ಒಂದು ರಾತ್ರಿ ಸುತ್ತಿಟ್ಟೆ, ಗ್ರೀಸು ಕರಗಿತು, ಬಣ್ಣ ಉಳಿಯಿತು. ಕಾಸ್ಟಿಕ್ ಸೋಡಾ ಹಾಕಿದ್ದರೆ ಬಣ್ಣವೂ ಹೋಗುತ್ತಿತ್ತು. ಕಂಡದ್ದು ಹಸಿರು, ಸ್ಪಷ್ಟ ಹಸಿರು. ಅಕ್ಕ ಗೆದ್ದಳು.

ಫೋನ್ ಮಾಡುವ ಮುಂಚೆ ಒಂದು ವಿಷಯ ತಲೆಗೆ ಹೊಳೆಯಿತು. ಆ ಕಾಲದ ಬಣ್ಣ ಅಗಸೆ ಎಣ್ಣೆಯಲ್ಲಿ ಕಲಸಿದ್ದು. ಅಗಸೆ ಎಣ್ಣೆ ಕತ್ತಲಲ್ಲಿ ಇದ್ದಷ್ಟು ಕಾಲ ಹಳದಿಯಾಗುತ್ತದೆ, ಬೆಳಕಿಗೆ ಬಿದ್ದರೆ ಆ ಹಳದಿ ಬಹುಪಾಲು ಇಳಿಯುತ್ತದೆ. ನೀಲಿಯ ಮೇಲೆ ಹಳದಿ ಕೂತರೆ ಏನಾಗುತ್ತದೆ ಅಂತ ಶಾಲೆಯ ಡ್ರಾಯಿಂಗ್ ಕ್ಲಾಸಿನಲ್ಲೇ ಗೊತ್ತು. ಹಿಂಬದಿಯನ್ನು ಬಾಲ್ಕನಿಯ ಬಿಸಿಲಿಗೆ ಮುಖಮಾಡಿ ಇಟ್ಟೆ, ಅರ್ಧಕ್ಕೆ ರಟ್ಟು ಮುಚ್ಚಿ. ಹೆಂಡತಿಯ ತುಳಸಿ ಕುಂಡ ಮೂರು ವಾರ ಜಾಗ ಬಿಟ್ಟುಕೊಟ್ಟಿತು.

ರಟ್ಟು ತೆಗೆದಾಗ ಮುಚ್ಚಿದ ಅರ್ಧ ಹಸಿರು, ಬಿಸಿಲು ಕಂಡ ಅರ್ಧ ಮಬ್ಬು ನೀಲಿ.

ನಾನು ಬೀಗುವಂತಿರಲಿಲ್ಲ. ನಾನು ಹುಟ್ಟುವ ಹೊತ್ತಿಗೆ ಯಂತ್ರ ಬೂದು ಆಗಿತ್ತು. ನನ್ನ ನೆನಪಿನ ನೀಲಿ ಬಹುಶಃ ಅದೇ ಮೇಜಿನ ಮೇಲಿದ್ದ ರೆಕಾರ್ಡ್ ವೈಸಿನದು. ಅಕ್ಕ ನೋಡಿದ್ದು ಕಿಟಕಿಯೇ ಇಲ್ಲದ ಶೆಡ್ಡಿನಲ್ಲಿ, ಎಣ್ಣೆ ಹೊಗೆ ಕುಡಿದ ಯಂತ್ರವನ್ನು. ಅವಳ ಕಣ್ಣಿಗೆ ಅದು ಹಸಿರೇ.

ಅಂಗಡಿಯವನು ನೀಲಿ ಅರ್ಧವನ್ನು ನೋಡಿ ಬಣ್ಣ ಕಲಸಿಕೊಟ್ಟ. ಹಿಂಬದಿಯನ್ನು ಮಾತ್ರ ಇದ್ದಂತೆಯೇ ಬಿಟ್ಟೆ, ಅರ್ಧ ಹಸಿರು, ಅರ್ಧ ನೀಲಿ. ಫೋಟೋ ಕಳಿಸಿದರೆ ಅಕ್ಕ, "ಫೋಟೋದಾಗ ಬಣ್ಣ ತಿಳಿಯಂಗಿಲ್ಲ, ಖಂಡೇನವಮಿಗೆ ಬರ್ತೀನಿ. ಗ್ವಾಡಿಗೆ ಈಗ ಹಾಕಬ್ಯಾಡ" ಅಂದಿದ್ದಾಳೆ.