ಪಂಚಾಂಗ ನೋಡಿ ಕುಣಿಯುವ ಸೀಮೆ

ಹೊಸಪೇಟೆಗೆ ಹೊಸದಾಗಿ ಬರುವವರಲ್ಲಿ ಎರಡು ಬಗೆ. ಹಂಪಿ ನೋಡಿಕೊಂಡು ಎರಡು ದಿನಕ್ಕೆ ಹೊರಟುಬಿಡುವವರು ಒಂದು ಬಗೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೋ, ಸಂಡೂರಿನ ಗಣಿಗೋ, 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಯ ಕಚೇರಿಗೋ ಕೆಲಸಕ್ಕೆಂದು ಬಂದು ಬಾಡಿಗೆ ಮನೆ ಹಿಡಿಯುವವರು ಇನ್ನೊಂದು ಬಗೆ. ಇಬ್ಬರಿಗೂ ಮೊದಲ ಸಂಜೆಯೇ ಹುಟ್ಟುವ ಪ್ರಶ್ನೆ ಒಂದೇ: ಕತ್ತಲಾದ ಮೇಲೆ ಇಲ್ಲಿ ಏನಿದೆ?

ಬೆಂಗಳೂರಿನಲ್ಲಿ ಸಾಲ್ಸಾ, ಬಚಾಟಾ ಕಲಿತು ವಾರಾಂತ್ಯದ ರಾತ್ರಿಗಳಿಗೆ ಒಗ್ಗಿಹೋದ ಹುಡುಗ ಹುಡುಗಿಯರು ಇದೇ ಪ್ರಶ್ನೆಯನ್ನು ಇನ್ನಷ್ಟು ಬಿಡಿಸಿ ಕೇಳುತ್ತಾರೆ: ಕುಣಿಯೋಕೆ ಜಾಗ ಎಲ್ಲಿದೆ? ಕ್ಲಬ್ಬು, ಲ್ಯಾಟಿನ್ ಸಂಗೀತ, ಜೋಡಿ ಹೆಜ್ಜೆ ಎಂದು ಹುಡುಕಿದರೆ ಹೊಸಪೇಟೆಯಲ್ಲಿ ನಿರಾಸೆಯೇ ಗತಿ. ಊರಿನ ಸಂಜೆ ಮಿರ್ಚಿ ಮಂಡಕ್ಕಿಯಲ್ಲಿ ಆರಂಭವಾಗಿ, ತುಂಗಭದ್ರಾ ಅಣೆಕಟ್ಟಿನ ಉದ್ಯಾನದ ಸಂಗೀತ ಕಾರಂಜಿ ನೋಡಿ, ಊಟದ ಹೊತ್ತಿಗೆ ಮುಗಿಯುತ್ತದೆ. ಹಾಗೆಂದು ಕುಣಿತವೇ ಇಲ್ಲವೆಂದು ಬಗೆದು ಮನೆ ಸೇರಿದರೆ ನಷ್ಟ ನಿಮ್ಮದೇ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಈ ಸೀಮೆಯ ಕುಣಿತಕ್ಕೆ ಕಾಯಂ ವಿಳಾಸವಿಲ್ಲ, ತಿಥಿಯಿದೆ. ಎಲ್ಲಿ ಎಂದು ಕೇಳಿದರೆ ಯಾರೂ ಹೇಳಲಾರರು. ಯಾವಾಗ ಎಂದು ಕೇಳಿದರೆ ಚಹಾದಂಗಡಿಯವನೂ ಹೇಳುತ್ತಾನೆ.

ಪಾಯೆಸ್ ಕಂಡ ನಾಟ್ಯಶಾಲೆ

ಹೊಸ ಊರಿಗೆ ಬಂದು ಇಲ್ಲಿನ ಕುಣಿತವನ್ನು ಕಣ್ಣರಳಿಸಿ ನೋಡಿದ ಪರದೇಶದವರಲ್ಲಿ ದೊಡ್ಡ ಹೆಸರು ಡೊಮಿಂಗೊ ಪಾಯೆಸ್‌ನದು. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಪೋರ್ಚುಗೀಸ್ ಕುದುರೆ ವ್ಯಾಪಾರಿಗಳ ಜೊತೆ ವಿಜಯನಗರಕ್ಕೆ ಬಂದವನು ಅವನು. ಅವನ ಬರಹವನ್ನು ರಾಬರ್ಟ್ ಸೆವೆಲ್ 1900ರಲ್ಲಿ ಇಂಗ್ಲಿಷಿಗೆ ತಂದ ಮೇಲೆ ಲೋಕಕ್ಕೆಲ್ಲ ತಿಳಿಯಿತು.

ಅರಮನೆಯೊಳಗಿನ ನಾಟ್ಯಶಾಲೆಯೊಂದನ್ನು ಪಾಯೆಸ್ ಬಣ್ಣಿಸಿರುವ ರೀತಿಯನ್ನು ಇಂದಿನ ಯಾವ ನೃತ್ಯ ಶಿಕ್ಷಕರು ಓದಿದರೂ ಬೆರಗಾಗುತ್ತಾರೆ. ಉದ್ದನೆಯ ಶಾಲೆ, ಕಂಬಗಳ ಸಾಲು, ಕಂಬದ ಬಳಿ ಕುಣಿಯುವ ಹೆಣ್ಣುಗಳ ಕೆತ್ತನೆ. ಒಂದೊಂದು ನೃತ್ಯ ಮುಗಿಯುವಾಗ ಮೈ ಯಾವ ಭಂಗಿಯಲ್ಲಿ ನಿಲ್ಲಬೇಕು ಎಂಬುದನ್ನು ಅಲ್ಲಿ ಕೆತ್ತಿದ್ದರಂತೆ. ಕಲಿಯುವವಳು ಮರೆತರೆ ಆ ಕಡೆ ತಿರುಗಿ ನೋಡಿ ನೆನಪು ಮಾಡಿಕೊಳ್ಳಬೇಕು. ಶಾಲೆಯ ಒಂದು ತುದಿಯಲ್ಲಿ ಕೈಯಿಂದ ಹಿಡಿದುಕೊಂಡು ಮೈ, ಕಾಲು ಸಡಿಲಿಸುವುದಕ್ಕೆ ಬೇರೆ ಏರ್ಪಾಟು. ಬ್ಯಾಲೆ ಶಾಲೆಗಳ ಗೋಡೆಗೆ ಈಗ ಹಾಕುವ ಹಿಡಿಗಂಬಿಯ ಕೆಲಸವನ್ನೇ ಅದು ಮಾಡುತ್ತಿತ್ತು.

ಮಹಾನವಮಿಯ ಒಂಬತ್ತು ದಿನಗಳನ್ನೂ ಪಾಯೆಸ್ ಬಿಡಿಸಿ ಬರೆದಿದ್ದಾನೆ. ಹೊತ್ತು ಮುಳುಗಿದ ಮೇಲೆ ಹಗಲೋ ಎನ್ನುವಂತೆ ಉರಿಯುವ ದೀವಟಿಗೆಗಳು, ಬಾಣ ಬಿರುಸು, ಮಲ್ಲರ ಕಾಳಗ, ನರ್ತಕಿಯರ ಮೈಮೇಲೆ ಹೊರಲಾರದಷ್ಟು ಚಿನ್ನ. ಈ ನರ್ತಕಿಯರು ರಾಣಿಯರ ಜೊತೆ ಕೂತು ಎಲೆ ಅಡಿಕೆ ಹಾಕಿಕೊಳ್ಳಬಹುದಿತ್ತು, ಬೇರೆ ಯಾರಿಗೂ ಆ ಸಲುಗೆ ಇರಲಿಲ್ಲ ಎಂದೂ ಅವನು ಗುರುತಿಸಿದ್ದಾನೆ.

ಆ ನಾಟ್ಯಶಾಲೆ ಇಂದು ಇಲ್ಲ. ಆದರೆ ಮಹಾನವಮಿ ದಿಬ್ಬದ ಕೆಳಗಿನ ಪಟ್ಟಿಕೆಗಳಲ್ಲಿ ಕೋಲಾಟದವರು, ನರ್ತಕಿಯರು, ಕುದುರೆ ತಂದ ಪರದೇಶಿಗಳು ಒಟ್ಟಿಗೇ ಸಿಗುತ್ತಾರೆ. ಹಜಾರರಾಮ ಗುಡಿಯ ಪ್ರಾಕಾರದ ಹೊರಗೋಡೆಯಲ್ಲೂ ಆನೆ, ಕುದುರೆ, ಕಾಲಾಳುಗಳ ಜೊತೆ ಕುಣಿಯುವವರ ಸಾಲಿದೆ. ಇವನ್ನು ಬಿಸಿಲು ಇಳಿಯುವ ಮುಂಚೆಯೇ ನೋಡಿ ಮುಗಿಸಬೇಕು. ಸ್ಮಾರಕಗಳ ಬಾಗಿಲು ಸಂಜೆಗೇ ಮುಚ್ಚುತ್ತದೆ.

ಗಡ್ಡೆಯ ಆ ದಿನಗಳು

ಹಂಪಿಯಲ್ಲೂ ಒಂದು ಕಾಲಕ್ಕೆ ಪಾಶ್ಚಾತ್ಯ ನಮೂನೆಯ ರಾತ್ರಿಜೀವನ ಇತ್ತು. ವಿರೂಪಾಕ್ಷ ಗುಡಿಯ ಎದುರು ಹೊಳೆ ದಾಟಿದರೆ ವಿರುಪಾಪುರ ಗಡ್ಡೆ. ಹಂಪಿಯ ಕಡೆ ಗುಡಿ, ಮಡಿ. ಮದ್ಯ ಮಾಂಸ ಮಾರುವಂತಿಲ್ಲ. ಗಡ್ಡೆಯ ಕಡೆ ಆ ಬಿಗಿ ಇರಲಿಲ್ಲ. ಗೋವಾದ ಕಡಲ ತೀರದಲ್ಲಿ ಚಳಿಗಾಲ ಕಳೆಯುವ ವಿದೇಶಿಯರು ಬಸ್ಸು, ರೈಲು ಹಿಡಿದು ಇತ್ತ ಬರುತ್ತಿದ್ದರು. ಗದ್ದೆಯ ಅಂಚಿನ ಗುಡಿಸಲು, ನೆಲದ ಮೇಲೆ ಹಾಸಿದ ಗಾದಿ, ಗಿಟಾರು, ಬಂಡೆಯ ಮೇಲೆ ಸುತ್ತ ಕೂತು ಬಾರಿಸುವ ಡ್ರಮ್ಮು. ಬೇರೆ ಬೇರೆ ದೇಶದವರು ಅಲ್ಲಿ ಜೊತೆಯಾಗಿ ಕುಣಿದರು.

ಗಡ್ಡೆ ಇರುವುದು ಹಂಪಿಯ ಸಂರಕ್ಷಿತ ಪ್ರದೇಶದೊಳಗೆ. ಅಲ್ಲಿನ ರೆಸಾರ್ಟುಗಳು ಅನಧಿಕೃತ ಎಂಬ ಹೈಕೋರ್ಟ್ ತೀರ್ಪನ್ನು 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ಜೆಸಿಬಿಗಳು ಬಂದವು. ಈಗ ತಂಗುವ ವ್ಯವಸ್ಥೆ ಆನೆಗೊಂದಿ, ಸಣಾಪುರದ ಕಡೆ ಚೆದುರಿದೆ. ಹಳೆಯ ಪ್ರವಾಸ ಪುಸ್ತಕ ಹಿಡಿದು ಗಡ್ಡೆಯ ರಾತ್ರಿಗಳನ್ನು ಹುಡುಕಿ ಬರುವವರು ಈಗ ಬರಿಗೈಲಿ ಮರಳುತ್ತಾರೆ. ಕಟ್ಟಡ ಹೋಯಿತು, ಅದರ ಜೊತೆ ಕುಣಿತವೂ ಹೋಯಿತು. ಈ ಸೀಮೆಯಲ್ಲಿ ಯಾವ ಕುಣಿತ ಉಳಿದಿದೆ ಎಂದು ನೋಡಿದರೆ, ಕಟ್ಟಡದ ಹಂಗಿಲ್ಲದ್ದೇ ಉಳಿದಿದೆ.

ತಲೆಯ ಮೇಲೆ ಕೊಡ

ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ ದಾರಿ ಹಿಡಿದರೆ ಮರಿಯಮ್ಮನಹಳ್ಳಿ. ಸುತ್ತಲಿನ ಹಳ್ಳಿಗಳ ನಾಟಕಗಳಿಗೆ ಕಲಾವಿದೆಯರು ಹೋಗುವುದು ಇಲ್ಲಿಂದ. ರಂಗದ ನಂಟು ಮನೆಮನೆಯಲ್ಲೂ ಇರುವ ಊರು. ಜೋಗತಿ ನೃತ್ಯದ ಮಂಜಮ್ಮ ಜೋಗತಿಯವರ ನೆಲೆಯೂ ಇದೇ. ಗುರು ಕಾಳವ್ವ ಜೋಗತಿಯವರಿಂದ ಕಲಿತು, ಜಾತ್ರೆಯ ಬಯಲಿನಿಂದ ರಂಗಮಂದಿರದವರೆಗೆ ಈ ಕುಣಿತವನ್ನು ಕೊಂಡೊಯ್ದವರು ಅವರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆ ಕುರ್ಚಿಯಲ್ಲಿ ಕೂತ ಮೊದಲ ಲಿಂಗತ್ವ ಅಲ್ಪಸಂಖ್ಯಾತೆ. 2021ರಲ್ಲಿ ಪದ್ಮಶ್ರೀ ಪಡೆಯುವಾಗ ರಾಷ್ಟ್ರಪತಿಯವರಿಗೆ ಸೆರಗಿನಿಂದ ದೃಷ್ಟಿ ತೆಗೆದ ಅವರ ಚಿತ್ರ ಎಲ್ಲರ ಮೊಬೈಲಿಗೂ ಬಂದಿತ್ತು. ಅವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’.

ಎಲ್ಲಮ್ಮನ ಕೊಡವನ್ನು ತಲೆಯ ಮೇಲಿಟ್ಟು, ಕೈ ಮುಟ್ಟಿಸದೆ ಕೂತು, ಬಾಗಿ, ಗಿರಕಿ ಹೊಡೆದು ಕುಣಿಯುವುದು ಜೋಗತಿ ನೃತ್ಯ. ಚೌಡಿಕೆಯ ನಾದ, ತಾಳ, ಹಾಡು ಜೊತೆಗೆ. ಕತ್ತು ಕದಲದೆ ಸೊಂಟ, ಮೊಣಕಾಲುಗಳೇ ಎಲ್ಲ ಭಾರ ಹೊರುವ ಈ ಕಸುಬಿಗೆ ವರ್ಷಗಟ್ಟಲೆ ಸಾಧನೆ ಬೇಕು. ಈ ಕುಣಿತದ ಹಿಂದೆ ನೋವಿನ ಚರಿತ್ರೆಯೂ ಇದೆ. ದೇವದಾಸಿ ಪದ್ಧತಿಯನ್ನು ಕರ್ನಾಟಕ 1982ರ ಕಾಯ್ದೆಯಿಂದ ನಿಷೇಧಿಸಿತು. ಮುತ್ತು ಕಟ್ಟಿ ಹೆಣ್ಣುಮಕ್ಕಳನ್ನು ದೇವಿಗೆ ಬಿಡುವುದು ಅಪರಾಧ. ಕುಣಿತ ಮಾತ್ರ ಕಲೆಯಾಗಿ ಉಳಿಯಬೇಕು ಎಂಬುದು ಇಂದಿನ ಕಲಾವಿದರ ದಾರಿ. ಹುಣ್ಣಿಮೆಗಳಲ್ಲಿ, ಅಣೆಕಟ್ಟಿನ ಆಚೆ ದಡದ ಹುಲಿಗಿಯ ಹುಲಿಗೆಮ್ಮನ ಜಾತ್ರೆಯಲ್ಲಿ ಚೌಡಿಕೆಯ ಸದ್ದು ಕೇಳಿಸುತ್ತದೆ.

ಸಂಡೂರಿನ ತಾಂಡಾಗಳಲ್ಲಿ ದೀಪಾವಳಿ

ಸಂಡೂರಿನ ಬೆಟ್ಟಗಳಿಗೆ ಅದಿರಿನ ಬಣ್ಣ, ಲಂಬಾಣಿ ತಾಂಡಾಗಳ ಲಂಗಕ್ಕೆ ಎಲ್ಲ ಬಣ್ಣ. ಕನ್ನಡಿ ಚೂರು, ಕವಡೆ, ನಾಣ್ಯ ಹೊಲಿದ ಪೇಟಿಯಾ, ಕಾಂಚಳಿ ತೊಟ್ಟ ಹೆಂಗಸರು ವೃತ್ತದಲ್ಲಿ ಬಾಗಿ, ಚಪ್ಪಾಳೆ ತಟ್ಟಿ, ತಿರುಗಿ ಕುಣಿಯುವಾಗ ಉಡುಪೇ ಅರ್ಧ ವಾದ್ಯ; ನಾಣ್ಯಗಳು ತಾಳ ಹಾಕುತ್ತವೆ.

ಇದನ್ನು ನೋಡುವ ಕಾಲ ದೀಪಾವಳಿ. ಅಮಾವಾಸ್ಯೆಯ ರಾತ್ರಿ ಮದುವೆಯಾಗದ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ ಹಿರಿಯರಿಗೆ ಶುಭ ಕೋರುವ ‘ಮೇರಾ’ ಆಚರಣೆ ನಡೆಯುತ್ತದೆ. ಶ್ರಾವಣದ ತೀಜ್ ಹಬ್ಬದಲ್ಲಿ ಬುಟ್ಟಿಯಲ್ಲಿ ಬೆಳೆಸಿದ ಗೋಧಿ ಸಸಿಯ ಸುತ್ತ ಹಾಡು, ಕುಣಿತ. ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ಇದೇ ಹೆಂಗಸರು ಹಾಕುವ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಂಸ್ಕೃತಿ ಸಭೆಯ ವೇಳೆ 450ಕ್ಕೂ ಹೆಚ್ಚು ಕಲಾವಿದೆಯರ ದುಡಿಮೆಯ 1,755 ಲಂಬಾಣಿ ಕಸೂತಿ ವಸ್ತುಗಳನ್ನು ಒಂದೆಡೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಲಾಯಿತು. ಉಡುಪು ನೋಡಲು ಯಾವ ದಿನ ಹೋದರೂ ನಡೆಯುತ್ತದೆ. ಅದು ಕುಣಿಯುವುದನ್ನು ನೋಡಲು ಹಬ್ಬಕ್ಕೇ ಕಾಯಬೇಕು.

ಕಂಪ್ಲಿ ಕಡೆ ಬೆಳತನಕ ಆಟ

ಕಂಪ್ಲಿ ಎಂದರೆ ಹೊಳೆ, ಭತ್ತ, ಬಾಳೆ, ಗಂಡುಗಲಿ ಕುಮಾರರಾಮನ ನೆನಪು. ಸುಗ್ಗಿ ಮುಗಿದು ಬೇಸಿಗೆ ಹೆಜ್ಜೆ ಇಟ್ಟಿತೆಂದರೆ ಈ ಸುತ್ತಲ ಹಳ್ಳಿಗಳಲ್ಲಿ ಬಯಲಾಟದ ಮಾತು. ಊರ ನಡುವೆ ಅಟ್ಟ ಕಟ್ಟಿ, ರಾತ್ರಿ ಊಟವಾದ ಮೇಲೆ ಆರಂಭಿಸಿದರೆ ಮೂಡಣ ಕೆಂಪಾಗುವವರೆಗೆ ಆಟ. ಭುಜಕೀರ್ತಿ, ಎದೆಕಟ್ಟು, ಕಿರೀಟ ತೊಟ್ಟ ವೇಷಧಾರಿ ಮದ್ದಳೆಯ ಪೆಟ್ಟಿಗೆ ಅಟ್ಟ ನಡುಗುವಂತೆ ಹೆಜ್ಜೆ ಹಾಕುತ್ತಾನೆ. ಸಾರಥಿ ಅವನನ್ನು ಮಾತಾಡಿಸುತ್ತಾನೆ, ನಡುನಡುವೆ ನಗಿಸುತ್ತಾನೆ. ಗಿರಿಜಾ ಕಲ್ಯಾಣ, ರತಿ ಕಲ್ಯಾಣದಂಥ ಪ್ರಸಂಗಗಳು ಜನಕ್ಕೆ ಬಾಯಿಪಾಠ. ಕಥೆ ಗೊತ್ತಿದ್ದೇ ಬಂದಿರುತ್ತಾರೆ. ಈ ಸಲ ಪಾತ್ರ ಮಾಡಿದವನ ಕುಣಿತ ಹೇಗಿತ್ತು ಎಂಬುದೇ ಮರುದಿನದ ಚರ್ಚೆ.

ವೇಷ ಹಾಕುವವರು ಅದೇ ಊರಿನ ರೈತರು, ಕೂಲಿಗಳು, ಅಂಗಡಿಯವರು. ಮಾಸ್ತರರನ್ನು ಕರೆಸಿ ತಿಂಗಳುಗಟ್ಟಲೆ ರಾತ್ರಿ ತಾಲೀಮು ಮಾಡಿ, ಕೈಯಿಂದಲೇ ದುಡ್ಡು ಹಾಕಿ ಆಡುತ್ತಾರೆ. ಬಯಲಾಟಕ್ಕೆಂದೇ ಬಾಗಲಕೋಟೆಯಲ್ಲಿ ಅಕಾಡೆಮಿ ಇದೆ. ಆದರೂ ಹೊರೆ ಹೊರುವುದು ಊರವರೇ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ ಎಂಬ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಇಡೀ ರಾತ್ರಿಯ ಕಲೆಯೊಂದಕ್ಕೆ ಒದಗಿದ ಹೊಸ ತೊಡಕು. ಬೆಳತನಕದ ಆಟ ಕೆಲವೆಡೆ ಕೆಲವು ಗಂಟೆಗಳ ಪ್ರದರ್ಶನವಾಗಿ ಕುಗ್ಗಿದೆ.

ಯಾರೂ ಸೇರಬಹುದಾದ ವೃತ್ತ

ಇಷ್ಟೆಲ್ಲ ನೋಡುವ ಕುಣಿತವಾಯಿತು. ನಾವೂ ಕುಣಿಯುವುದು ಯಾವಾಗ? ಸಾಲ್ಸಾ ರಾತ್ರಿಯ ಸೊಗಸು ಇರುವುದು ಅಲ್ಲಿಯೇ. ಕ್ಯೂಬಾದ ಲಯಗಳಿಂದ ಹುಟ್ಟಿ ನ್ಯೂಯಾರ್ಕಿನ ವಲಸಿಗರ ಕೇರಿಗಳಲ್ಲಿ ಬೆಳೆದ ಆ ಕುಣಿತದಲ್ಲಿ ಗುರುತಿಲ್ಲದವರೂ ಕೈ ಹಿಡಿದು ಹೆಜ್ಜೆ ಹಾಕುತ್ತಾರೆ. ಈ ಸೀಮೆಯಲ್ಲಿ ಆ ಸಲುಗೆಯನ್ನು ಕೊಡುವುದು ಮೊಹರಂ.

ಇಲ್ಲಿನವರ ಬಾಯಲ್ಲಿ ಅದು ಪೀರಲ ಹಬ್ಬ. ಹಳ್ಳಿಯ ಮಸೂತಿಯ ಮುಂದೆ ಅಲಾಯಿ ಕುಣಿ ತೋಡಿ ಬೆಂಕಿ ಹಾಕುತ್ತಾರೆ. ‘ಕತ್ತಲ ರಾತ್ರಿ’ ಎಂದು ಕರೆಯುವ ರಾತ್ರಿ ಹಲಿಗೆಯ ಪೆಟ್ಟಿಗೆ ಅದರ ಸುತ್ತ ಹೆಜ್ಜೆ ಕುಣಿತ. ಜೊತೆಗೆ ಕರ್ಬಲಾದ ಕಥೆ ಹೇಳುವ ರಿವಾಯತ್ ಪದಗಳು, ಕನ್ನಡದಲ್ಲಿ. ಮುಸಲ್ಮಾನರ ಮನೆಯೇ ಇಲ್ಲದ ಹಳ್ಳಿಗಳಲ್ಲೂ ಹಿಂದೂಗಳು ಪೀರಲ ದೇವರನ್ನು ಕೂಡಿಸುವುದುಂಟು. ಮುಂದಿನವನ ಕಾಲು ನೋಡುತ್ತ ನಾಲ್ಕು ಸುತ್ತು ಬಂದರೆ ಹೆಜ್ಜೆ ತಾನಾಗಿ ಕೂಡುತ್ತದೆ. ತಪ್ಪಿದರೂ ಯಾರೂ ಹೊರಗೆ ಕಳಿಸುವುದಿಲ್ಲ. ಚಾಂದ್ರಮಾನದ ಹಬ್ಬವಾದ್ದರಿಂದ ವರ್ಷ ವರ್ಷವೂ ಸುಮಾರು 11 ದಿನ ಮುಂಚೆ ಬರುತ್ತದೆ.

ಹೊಸಪೇಟೆಯ ಬೀದಿಗಳಲ್ಲೇ ಕುಣಿಯಬೇಕೆಂದರೆ ಗಣೇಶನ ವಿಸರ್ಜನೆಯ ದಿನ ಬನ್ನಿ. ತಾಷಾ ರಾಂಡೋಲ್ ಸದ್ದಿಗೆ ಮೈ ಬಿಗಿ ಹಿಡಿದು ನಿಲ್ಲುವುದೇ ಕಷ್ಟ.

ಒಂದೇ ಕಡೆ ಎಲ್ಲವೂ

ತಿಥಿ ಹುಡುಕುವ ತಾಳ್ಮೆ ಇಲ್ಲದವರಿಗೆ ಹಂಪಿ ಉತ್ಸವ ಇದೆ. ಹೂವಿನಹಡಗಲಿಯ ರಾಜಕಾರಣಿ, ರಂಗಪ್ರೇಮಿ ಎಂ.ಪಿ. ಪ್ರಕಾಶ್ ಎಂಬತ್ತರ ದಶಕದಲ್ಲಿ ಇದಕ್ಕೆ ಚಾಲನೆ ಕೊಟ್ಟವರು. ಹಿಂದೆ ನವೆಂಬರ್ ಮೊದಲ ವಾರದಲ್ಲಿ ನಡೆಯುತ್ತಿತ್ತು. ಈಚಿನ ವರ್ಷಗಳಲ್ಲಿ ಜನವರಿಯಿಂದ ಮಾರ್ಚ್ ನಡುವೆ ಸರಿದಾಡುತ್ತಿದೆ. ಹಲವು ವೇದಿಕೆಗಳು, ‘ವಿಜಯನಗರ ವೈಭವ’ ಧ್ವನಿ ಬೆಳಕು, ಕೊನೆಯ ದಿನದ ಜಾನಪದ ವಾಹಿನಿ. ಮುಖ್ಯ ವೇದಿಕೆಯಲ್ಲಿ ಸಿನಿಮಾ ಹಾಡುಗಾರರಿಗೆ ಜನ ಮುಗಿಬೀಳುತ್ತಾರೆ. ಸೀಮೆಯ ಕುಣಿತ ಬೇಕಾದವರು ಸಣ್ಣ ವೇದಿಕೆಗಳ ಕಡೆ ನಡೆಯುವುದು ಲೇಸು. ಅಲ್ಲಿ ಎದುರಿಗೇ ಕೂತು ನೋಡಬಹುದು.

ಹೋಗುವವರಿಗೆ

ಹೊಸಪೇಟೆಯಿಂದ ಹಂಪಿ 13 ಕಿ.ಮೀ. ಆಸುಪಾಸು, ಸಂಡೂರು, ಕಂಪ್ಲಿ ಎರಡೂ ಸುಮಾರು 30 ಕಿ.ಮೀ. ಹಗಲು ಬಸ್ಸಿಗೆ ಬರವಿಲ್ಲ. ರಾತ್ರಿ ಮರಳಲು ಆಟೋ ಅಥವಾ ಕಾರನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಬಯಲಾಟಕ್ಕೆ ಹೋಗುವಾಗ ಚಾಪೆ, ಹೊದಿಕೆ ಇರಲಿ. ತಾಂಡಾದಲ್ಲಾಗಲಿ ಜೋಗತಿಯರ ಎದುರಾಗಲಿ ಕೇಳದೆ ಮೊಬೈಲ್ ಎತ್ತಬೇಡಿ. ಅಲಾಯಿ ಸುತ್ತ ಕುಣಿಯುವಾಗ ಚಪ್ಪಲಿ ಹೊರಗೆ ಬಿಡಿ. ಆ ಕುಣಿತ ಮೋಜಿನ ಜೊತೆಗೆ ಹರಕೆಯೂ ಹೌದು.

ಸಾಲ್ಸಾವೇ ಬೇಕು ಎನ್ನುವವರು ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಹಿಡಿದರೆ ಬೆಳಿಗ್ಗೆ ಬೆಂಗಳೂರು. ಉಳಿದವರು ಈ ವರ್ಷದ ಪಂಚಾಂಗವೊಂದನ್ನು ಕೊಂಡುಕೊಂಡು, ಪಕ್ಕದ ಮನೆಯವರನ್ನು ಒಂದು ಮಾತು ಕೇಳಿ: “ಈ ಸಲ ಆಟ ಯಾವಾಗ್ರಿ?”